ಕಡ್ಡಿ ಮೇಸ್ತ್ರಿ ಹಾಕಿದ ಬೀಗ

ದಾರಿಯಲ್ಲಿ ಕೆಟ್ಟು ನಿಂತ ಗಾಡಿಯ ಹತ್ತಿರ ಬಂದವನು ಮೊದಲು ಏನು ಮಾಡಬೇಕು? ಏನಾಯಿತು ಅಂತ ಕೇಳಬೇಕು. ಮನುಷ್ಯನಾದವನು ಹಾಗೆ ಮಾಡುತ್ತಾನೆ. ಕಡ್ಡಿ ಮೇಸ್ತ್ರಿ ಕೇಳುತ್ತಿರಲಿಲ್ಲ. ಸ್ಕೂಟರ್ ನಿಲ್ಲಿಸಿ, ಗಾಡಿಯವನ ಮುಖವನ್ನೂ ನೋಡದೆ, ನೇರವಾಗಿ ಹೋಗಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆಯುತ್ತಿದ್ದ. ಶರಟಿನ ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಒಂದು ಬಿದಿರಿನ ಕಡ್ಡಿ ಇರುತ್ತಿತ್ತು, ಅದನ್ನು ಒಳಗಿಳಿಸಿ ಎತ್ತಿ ನೋಡುತ್ತಿದ್ದ. ಕಡ್ಡಿ ಒದ್ದೆಯಾಗಿ ಬಂದರೆ ಗಾಡಿಯವನ ಕಡೆಗೆ ಮುಠ್ಠಾಳ ಎನ್ನುವಂಥ ನೋಟ, ಒಣಗಿ ಬಂದರೆ ಮುಠ್ಠಾಳ ಎನ್ನುವ ಮಾತು. ಎರಡರಲ್ಲಿ ಒಂದು ತಪ್ಪುತ್ತಿರಲಿಲ್ಲ.

ಈ ಚಾಳಿ ಸುಮ್ಮನೆ ಬಂದದ್ದಲ್ಲ. ಹರೆಯದಲ್ಲಿ ಒಮ್ಮೆ ಮಟಮಟ ಮಧ್ಯಾಹ್ನ ಯಾವನೋ ಸಾಹೇಬನ ಗಾಡಿಯ ಕಾರ್ಬುರೇಟರನ್ನು ನಡುರಸ್ತೆಯಲ್ಲಿ ಪೂರ್ತಿ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ, ಬೆವರೊರೆಸಿಕೊಂಡು ನೋಡಿದರೆ ಟ್ಯಾಂಕಿನಲ್ಲಿ ಪೆಟ್ರೋಲೇ ಇರಲಿಲ್ಲ. ಎದುರಿನ ಅಂಗಡಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವತ್ತಿನಿಂದ ಅವನು ಯಾರನ್ನೂ ನಂಬಲಿಲ್ಲ. ಗಾಡಿ ಇಟ್ಟವರೆಲ್ಲ ಸುಳ್ಳರು, ಓಡಿಸುವವರೆಲ್ಲ ಕಳ್ಳರು, ಕಡ್ಡಿಯೊಂದೇ ಸತ್ಯ. ಊರಿನವರು ಇಟ್ಟ ಹೆಸರೂ ಅದೇ ಆಯಿತು. ಮಾತೂ ಕಡ್ಡಿ ಮುರಿದ ಹಾಗೆಯೇ ಇದ್ದದ್ದರಿಂದ ಹೆಸರು ಎರಡು ಕಡೆಯಿಂದಲೂ ಒಪ್ಪಿತು.

ಅಂಥವನ ಹತ್ತಿರ ಜನ ಯಾಕೆ ಹೋಗುತ್ತಿದ್ದರು ಅಂದರೆ, ಹಳೇ ಗಾಡಿಯ ಕಾರ್ಬುರೇಟರ್ ಹೊಂದಿಸುವುದರಲ್ಲಿ ಅವನನ್ನು ಮೀರಿಸುವವನು ಇರಲಿಲ್ಲ. ಅದನ್ನು ಒಪ್ಪಿಕೊಳ್ಳದೆ ಗತಿಯಿಲ್ಲ. ಕಾರ್ಬುರೇಟರ್ ಎಂದರೆ ಎಂಜಿನ್ನಿಗೆ ಗಾಳಿಯನ್ನೂ ಪೆಟ್ರೋಲನ್ನೂ ಹದವಾಗಿ ಬೆರೆಸಿ ಬಡಿಸುವ ಅಡುಗೆಯವನು. ಪೆಟ್ರೋಲ್ ಜಾಸ್ತಿಯಾದರೆ ಗಾಡಿ ಕಪ್ಪು ಹೊಗೆ ಕಾರುತ್ತದೆ, ಗಾಳಿ ಜಾಸ್ತಿಯಾದರೆ ಕೆಮ್ಮುತ್ತದೆ. ಮೇಸ್ತ್ರಿ ಸ್ಕ್ರೂವನ್ನು ಎಂಜಿನ್ ಮುಗ್ಗರಿಸುವ ತನಕ ಒಳಕ್ಕೆ ತಿರುಗಿಸುತ್ತಿದ್ದ, ಆಮೇಲೆ ಅದು ಕುಂಟುವ ತನಕ ಹೊರಕ್ಕೆ. ಮತ್ತೆ ಅವೆರಡರ ನಡುವೆ ಕಣ್ಣು ಮುಚ್ಚಿ, ಬೆರಳ ತುದಿಯಲ್ಲಿ, ಕೂದಲೆಳೆಯಷ್ಟು ಆಚೆ ಈಚೆ. ಸದ್ದು ಒಂದೇ ಸಮನಾದ ಮೇಲೆ ಸ್ಟೀಲ್ ಲೋಟದಲ್ಲಿ ನೀರು ತುಂಬಿಸಿ ಎಂಜಿನ್ನಿನ ತಲೆಯ ಮೇಲೆ ಇಡುತ್ತಿದ್ದ. ನೀರು ಅಲುಗದಿದ್ದರೆ ಅದೇ ನೀರನ್ನು ಗಟಗಟ ಕುಡಿದು, “ತಗೊಂಡ್ ಹೋಗಿ, ಮತ್ತೆ ಕೆಡಿಸ್ಕೊಂಡ್ ಬನ್ನಿ” ಎನ್ನುತ್ತಿದ್ದ. ಅದು ಅವನ ಆಶೀರ್ವಾದ.

ಅವನ ಶೆಡ್ ಒಂದು ಮುದ್ರಣಾಲಯದ ಹಿಂಭಾಗದಲ್ಲಿತ್ತು. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಯ ಮೇಲೆ ಒಂದೊಂದು ಸ್ಪ್ಯಾನರಿಗೂ ಅದರದೇ ಆಕಾರ ಬರೆದ ಜಾಗ. ಮೂಲೆಯಲ್ಲಿ ಒಂದು ಹಳೇ ಬಿಸ್ಕತ್ತಿನ ಡಬ್ಬ, ಅದರಲ್ಲಿ ಬಿಚ್ಚಿ ತೆಗೆದ ಸಣ್ಣಪುಟ್ಟ ಸಾಮಾನು. ಆ ಶೆಡ್ಡಿನಲ್ಲಿ ಅವನ ಹೆಂಡತಿಯ ತಮ್ಮ ಕೂಡ ಕೆಲವು ಕಾಲ ಕೆಲಸ ಮಾಡಿದ್ದ. ಒಂದು ದಿನ ಗಿರಾಕಿಯೊಬ್ಬರು ಮೇಸ್ತ್ರಿಯ ಕೈಗುಣ ಹೊಗಳುತ್ತಿದ್ದಾಗ ಇವನು ನಡುವೆ ಬಾಯಿ ಹಾಕಿದ: “ನಮ್ಮ ಭಾವ ಎಲ್ಲಾನೂ ಟ್ಯೂನ್ ಮಾಡ್ತಾರೆ, ಅವರ ಬಾಯೊಂದ್ ಬಿಟ್ಟು.” ಗಿರಾಕಿ ನಕ್ಕರು. ಮುದ್ರಣಾಲಯದವರೂ ನಕ್ಕರು. ಮೇಸ್ತ್ರಿ ಎದ್ದು ಹೋಗಿ ಭಾವಮೈದುನನ ಊಟದ ಡಬ್ಬಿಯನ್ನು ತೆಗೆದು ರಸ್ತೆಗೆ ಎಸೆದ.

ಅಲ್ಲಿಂದ ಇಬ್ಬರದೂ ಎಣ್ಣೆ ಸೀಗೆಕಾಯಿ. ಭಾವಮೈದುನ ಹಲ್ಲಿನ ಡಾಕ್ಟರಮ್ಮನ ಮನೆಗೆ ಡ್ರೈವರಾಗಿ ಸೇರಿಕೊಂಡ. ಆಕೆಗೆ ವಯಸ್ಸಾಗಿತ್ತು, ಹಲ್ಲು ಕೀಳುವುದನ್ನು ಬಿಟ್ಟಿದ್ದರು. ಅವರ ತಂದೆಯ ಕಾಲದ ಒಂದು ಕಾರಿತ್ತು. ಕಪ್ಪು ಬಣ್ಣ, ಕಡ್ಡಿ ಚಕ್ರ, ಎದುರಿಗೆ ಎರಡು ದೊಡ್ಡ ದೀಪ. ಆ ಕಾಲದ ಕೆಲವು ಗಾಡಿಗಳಿಗೆ ಪೆಟ್ರೋಲ್ ಟ್ಯಾಂಕ್ ಹಿಂದೆ ಇರುತ್ತಿರಲಿಲ್ಲ, ಮುಂದಿನ ಗಾಜಿನ ಬುಡದಲ್ಲೇ ಇರುತ್ತಿತ್ತು. ಅಲ್ಲಿಂದ ಪೆಟ್ರೋಲ್ ತಾನೇ ತಾನಾಗಿ ಕೊಳವೆಯಲ್ಲಿ ಇಳಿದು ಕಾರ್ಬುರೇಟರಿಗೆ ಬೀಳಬೇಕು. ಪಂಪಿಲ್ಲ ಪಿಂಪಿಲ್ಲ. ಡ್ರೈವರನಿಗೆ ಆ ಗಾಡಿಯೇ ಅನ್ನ. ಗ್ಯಾರೇಜಿನ ಮೇಲಿನ ಕೋಣೆಯಲ್ಲೇ ಅವನ ಹೆಂಡತಿ ಮಗಳು ಇದ್ದದ್ದು. ಕೆಲಸ ಹೋದರೆ ತಲೆ ಮೇಲಿನ ಸೂರೂ ಹೋಗುತ್ತಿತ್ತು.

ಗಾಡಿ ಮಾತ್ರ ರಿಪೇರಿಗೆ ಕಡ್ಡಿ ಮೇಸ್ತ್ರಿಯ ಹತ್ತಿರವೇ ಬರಬೇಕು, ಬೇರೆಯವರಿಗೆ ಅದರ ಮರ್ಮ ಗೊತ್ತಿಲ್ಲ. ಬಂದಾಗ ಭಾವ ಭಾವಮೈದುನ ಇಬ್ಬರೂ ಗಾಡಿಯ ಮೂಲಕ ಮಾತಾಡುತ್ತಿದ್ದರು. “ಈ ಗಾಡಿ ಬೆಳಗ್ಗೆ ಹೊತ್ತು ಕೆಮ್ಮುತ್ತೆ” ಅಂತ ಡ್ರೈವರ್ ಬಾನೆಟ್ಟಿಗೆ ಹೇಳುವುದು. “ಚೋಕ್ ಎಳೆಯೋಕೆ ಬರ್ದೆ ಇರೋರ ಕೈಯಲ್ಲಿ ಕೆಮ್ಮದೆ ಇನ್ನೇನು ಹಾಡುತ್ತಾ” ಅಂತ ಮೇಸ್ತ್ರಿ ಚಕ್ರಕ್ಕೆ ಹೇಳುವುದು.

ಒಮ್ಮೆ ಡಾಕ್ಟರಮ್ಮನವರು ಶೆಡ್ಡಿಗೇ ಬಂದರು. ಗಾಡಿ ಇತ್ತೀಚೆಗೆ ಪೆಟ್ರೋಲ್ ಬಹಳ ಕುಡಿಯುತ್ತಿದೆ, ಯಾಕೆ ಎಂದು ಕೇಳಿದರು. ಸರಿಯಾದ ಮೇಸ್ತ್ರಿ ಕಾರ್ಬುರೇಟರ್ ಬಿಚ್ಚಿ ನೋಡಿ ಉತ್ತರ ಹೇಳುತ್ತಾನೆ. ಇವನು ಡ್ರೈವರನ ಕಡೆ ನೋಡಿ ಉತ್ತರ ಹೇಳಿದ.

“ಗಾಡಿ ಎಷ್ಟು ಕುಡಿಯುತ್ತೋ ಅಷ್ಟೇ ಕುಡಿಯೋದು ಅಮ್ಮಾ. ಟ್ಯಾಂಕಿಂದ ಬೇರೆ ದಾರಿಯಲ್ಲೂ ಪೆಟ್ರೋಲ್ ಇಳಿಯುತ್ತೆ.”

“ಅಂದ್ರೆ?”

“ಅಂದ್ರೆ ಬೀಗ ಹಾಕ್ಬೇಕು ಅಂತ.”

ಹಲ್ಲು ಕೀಳುವಾಗ ಡಾಕ್ಟರಮ್ಮನವರಿಗೆ ಇದ್ದ ಧೈರ್ಯ ಮನುಷ್ಯರನ್ನು ನಂಬುವಾಗ ಇರಲಿಲ್ಲ. ಅವರು ಹೂಂ ಎಂದರು. ಮೇಸ್ತ್ರಿ ಅದೇ ದಿನ ಗುಜರಿಯಿಂದ ಒಂದು ಉಕ್ಕಿನ ಮುಚ್ಚಳ ಹುಡುಕಿ ತಂದ. ಯಾವುದೋ ಯಂತ್ರದ್ದು, ಒಳಗೆ ದಪ್ಪ ರಬ್ಬರ್ ಬಳೆ, ಮೇಲೆ ಬೀಗ. ಹಳೇ ಹಿತ್ತಾಳೆ ಮುಚ್ಚಳವನ್ನು ಬಿಸ್ಕತ್ತಿನ ಡಬ್ಬಕ್ಕೆ ಎಸೆದು, ಹೊಸದನ್ನು ಅರದಿಂದ ಉಜ್ಜಿ, ಟ್ಯಾಂಕಿನ ಬಾಯಿಗೆ ಕೂರಿಸಿದ. ಎಷ್ಟು ಬಿಗಿಯಾಗಿ ಕೂತಿತೆಂದರೆ ಅದರ ಮೇಲೆ ನೀರು ಸುರಿದು ತೋರಿಸಿದ, ಒಂದು ಹನಿ ಒಳಗೆ ಹೋಗಲಿಲ್ಲ. “ಇನ್ನು ಇರುವೆಯೂ ಪೆಟ್ರೋಲ್ ಕದಿಯೋಕಾಗಲ್ಲ” ಎಂದ. ಬೀಗದ ಕೈಯನ್ನು ತನ್ನ ಸೊಂಟದ ಗೊಂಚಲಿಗೆ ಸೇರಿಸಿಕೊಂಡ. ಪೆಟ್ರೋಲ್ ಹಾಕಿಸುವುದಕ್ಕೂ ಇನ್ನು ಡ್ರೈವರ್ ಶೆಡ್ಡಿನ ಮುಂದೆ ಬಂದು ನಿಲ್ಲಬೇಕು. ಟ್ಯಾಂಕಿನ ಬಾಯಿ ಗಾಜಿನ ಮುಂದೆಯೇ ಇದ್ದದ್ದರಿಂದ, ಗಾಡಿ ಓಡಿಸುವಷ್ಟು ಹೊತ್ತೂ ಡ್ರೈವರನ ಕಣ್ಣಿಗೆ ಆ ಬೀಗ ಕುಟುಕುತ್ತಿತ್ತು.

ಸುದ್ದಿ ಹಬ್ಬಿಸುವುದಕ್ಕೆ ಮೇಸ್ತ್ರಿ ಡಂಗುರ ಹೊಡೆಯಬೇಕಾಗಿರಲಿಲ್ಲ. ಬಂದ ಗಿರಾಕಿಗಳಿಗೆಲ್ಲ ಗೊಂಚಲು ಅಲ್ಲಾಡಿಸಿ ತೋರಿಸಿದ, ಸಾಕಾಯಿತು. ಪೆಟ್ರೋಲ್ ಬಂಕಿನವನು ಡ್ರೈವರನನ್ನು ಕಂಡು ನಕ್ಕ. ಡ್ರೈವರನ ಮಗಳಿಗೆ ಶಾಲೆಯಲ್ಲಿ ಯಾರೋ ಕಳ್ಳನ ಮಗಳು ಅಂದರಂತೆ. ಮೇಸ್ತ್ರಿಯ ಹೆಂಡತಿ ಎರಡು ದಿನ ಗಂಡನ ತಟ್ಟೆಯನ್ನು ನೆಲಕ್ಕೆ ಕುಕ್ಕಿ ಬಡಿಸಿದಳು.

ಆಮೇಲೆ ಶುರುವಾಯಿತು ನೋಡಿ ಗಾಡಿಯ ಆಟ. ಚೆನ್ನಾಗಿ ಹೊರಡುತ್ತದೆ, ಊರಾಚೆಗೆ ಹೋಗುತ್ತದೆ, ಇದ್ದಕ್ಕಿದ್ದ ಹಾಗೆ ಎರಡು ಸಲ ಮುಗ್ಗರಿಸಿ ನಿಂತುಬಿಡುತ್ತದೆ. ಗಾಡಿಯ ಮೂತಿಗೆ ಹ್ಯಾಂಡಲ್ ಹಾಕಿ ಎಂಜಿನ್ನನ್ನು ರಟ್ಟೆ ಬೀಳುವ ಹಾಗೆ ತಿರುಗಿಸಿದರೂ ಉಹೂಂ. ಮೇಸ್ತ್ರಿಗೆ ಹೇಳಿ ಕಳಿಸಬೇಕು. ಮೇಸ್ತ್ರಿ ಸ್ಕೂಟರಿನಲ್ಲಿ ಬರುತ್ತಾನೆ. ಮೊದಲು ಬೀಗ ತೆಗೆಯುತ್ತಾನೆ, ಕಡ್ಡಿ ಇಳಿಸುತ್ತಾನೆ, ಪೆಟ್ರೋಲ್ ಎಷ್ಟಿದೆ, ಎಷ್ಟಿರಬೇಕಿತ್ತು ಅಂತ ಉಗುರಿನಲ್ಲಿ ಅಳೆಯುತ್ತಾನೆ, ಡ್ರೈವರನನ್ನು ಒಂದು ಸಲ ಮೇಲಿನಿಂದ ಕೆಳಗೆ ನೋಡುತ್ತಾನೆ, ಬೀಗ ಹಾಕುತ್ತಾನೆ. ಆಮೇಲೆ ಹ್ಯಾಂಡಲ್ ಹಿಡಿದು ಒಂದು ಸುತ್ತು ತಿರುಗಿಸುತ್ತಾನೆ. ಗಾಡಿ ಗುರ್ ಅನ್ನುತ್ತದೆ.

“ಗಾಡಿಗೇನೂ ಆಗಿಲ್ಲ ಅಮ್ಮಾ,” ಎನ್ನುತ್ತಾನೆ ಡಾಕ್ಟರಮ್ಮನಿಗೆ. “ಕೆಟ್ಟಿರೋದು ಓಡಿಸೋ ಕೈ. ಕಳ್ಳತನಕ್ಕೆ ದಾರಿ ಮುಚ್ಚಿತಲ್ಲ, ಅದಕ್ಕೆ ಗಾಡಿ ಮೇಲೆ ಸೇಡು.”

ಒಂದು ಸಲ ಆಯಿತು, ಎರಡನೇ ಸಲ ಆಯಿತು, ಪ್ರತಿ ಸಲವೂ ಹಾಗೆಯೇ. ಇವನು ಬಂದು ಕೈ ಇಟ್ಟರೆ ಸಾಕು, ಗಾಡಿಗೆ ಜೀವ ಬರುತ್ತದೆ. ಊರಿನಲ್ಲಿ ಕಡ್ಡಿ ಮೇಸ್ತ್ರಿಯ ಕೈಗುಣ ಇನ್ನಷ್ಟು ದೊಡ್ಡದಾಯಿತು. ಡ್ರೈವರ್ ಕಳ್ಳನ ಜೊತೆಗೆ ಸುಳ್ಳನೂ ಆದ.

ಕೊನೆಗೆ ಡ್ರೈವರ್ ಶೆಡ್ಡಿಗೆ ಗಾಡಿ ತಂದು ನಿಲ್ಲಿಸಿ, ಬಾನೆಟ್ಟಿಗಲ್ಲ, ಮೇಸ್ತ್ರಿಯ ಬೆನ್ನಿಗೇ ಹೇಳಿದ: “ಪೆಟ್ರೋಲ್ ಬರ್ತಿಲ್ಲ. ಹಸಿದು ಸಾಯೋ ಹಾಗೆ ಸಾಯುತ್ತೆ. ಕಾರ್ಬುರೇಟರ್ ಬಿಚ್ಚಿ ನೋಡಿ.”

“ನನಗೆ ಕಲಿಸ್ತೀಯೇನೋ?” ಎಂದ ಮೇಸ್ತ್ರಿ. ಆದರೆ ಬಿಚ್ಚಿದ. ಬಿಚ್ಚಿ ಅಂತ ಅವನು ಅಂದಮೇಲೆ ಬಿಚ್ಚದೆ ಕಳಿಸಿದರೆ ಹೆದರಿದ ಹಾಗಲ್ಲವೇ?

ಪೆಟ್ರೋಲ್ ಚಿಮ್ಮುವ ಸಣ್ಣ ತೂತಿನ ಜೆಟ್ಟುಗಳನ್ನು ಊದಿ ಬೆಳಕಿಗೆ ಹಿಡಿದ, ಶುಭ್ರ. ಕಾರ್ಬುರೇಟರಿನೊಳಗೆ ಪೆಟ್ರೋಲ್ ನಿಲ್ಲುವ ಬಟ್ಟಲಿನಲ್ಲಿ ತೇಲುವ ಹಿತ್ತಾಳೆ ಗುಂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿದ, ತೂತಿಲ್ಲ. ಆ ಗುಂಡಿನ ಜೊತೆ ಒಂದು ಸೂಜಿ ಇರುತ್ತದೆ, ಬಟ್ಟಲು ತುಂಬಿದ ಕೂಡಲೇ ಮೇಲೆದ್ದು ಪೆಟ್ರೋಲಿನ ದಾರಿ ಮುಚ್ಚುವುದು ಅದರ ಕೆಲಸ. ಆ ಸೂಜಿಯ ಮೊನೆಯನ್ನು ನೋಡಿದಾಗ ಮೇಸ್ತ್ರಿಯ ಕೈ ಒಂದು ಗಳಿಗೆ ನಿಂತಿತು. ಮೊನೆಯ ಸುತ್ತ ಬಳೆಯಂತೆ ಸವೆದಿತ್ತು. ಸವೆದ ಸೂಜಿ ದಾರಿ ಮುಚ್ಚುವುದಿಲ್ಲ. ಪೆಟ್ರೋಲ್ ಬಟ್ಟಲು ಮೀರಿ ಎಂಜಿನ್ನಿಗೆ ಸುರಿಯುತ್ತದೆ, ಗಾಡಿ ಕುಡಿಯುತ್ತಲೇ ಇರುತ್ತದೆ. ಅಂದರೆ ಪೆಟ್ರೋಲನ್ನು ಕುಡಿದದ್ದು ಗಾಡಿಯೇ.

ಅವನು ತಲೆಯೆತ್ತಿ ನೋಡಿದ. ಡ್ರೈವರ್ ಬಾಗಿಲ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದ. ಇಷ್ಟು ಸವೆತಕ್ಕೆ ಅಷ್ಟು ಪೆಟ್ರೋಲ್ ಹೋಗುತ್ತದೆಯೇ, ಹೋಗಲಾರದು ಎಂದು ಮೇಸ್ತ್ರಿ ತನಗೆ ತಾನೇ ಹೇಳಿಕೊಂಡ. ಸವೆದ ಸೂಜಿಯನ್ನು ಬಿಸ್ಕತ್ತಿನ ಡಬ್ಬಕ್ಕೆ ಹಾಕಿ, ಹೊಸದನ್ನು ಕೂರಿಸಿ, ಸ್ಕ್ರೂ ಹೊಂದಿಸಿ, ಲೋಟ ಇಟ್ಟ. ನೀರು ಅಲುಗಲಿಲ್ಲ. ಯಾಕೋ ಅವತ್ತು ಆ ನೀರನ್ನು ಕುಡಿಯದೆ ಚೆಲ್ಲಿದ.

“ಏನಿತ್ತು?” ಎಂದ ಡ್ರೈವರ್.

“ಏನೂ ಇರ್ಲಿಲ್ಲ.”

ಮೂರನೇ ದಿನ ಗಾಡಿ ಮತ್ತೆ ನಿಂತಿತು.

ಆ ಸಂಜೆ ಮನೆಯಲ್ಲಿ ಹೆಂಡತಿ ಹೊಸ ಎಣ್ಣೆ ಡಬ್ಬಕ್ಕೆ ಮೊಳೆಯಿಂದ ತೂತು ಹೊಡೆದು ಬಾಟಲಿಗೆ ಬಗ್ಗಿಸುತ್ತಿದ್ದಳು. ಎಣ್ಣೆ ಒಂದು ಹನಿ ಬಿದ್ದು, ನಿಂತು, ಗುಳುಕ್ ಎಂದು ಮತ್ತೆ ಒಂದು ಹನಿ ಬೀಳುತ್ತಿತ್ತು. ಮೇಸ್ತ್ರಿಗೆ ನೋಡಲಾಗಲಿಲ್ಲ.

“ಒಂದೇ ತೂತು ಹೊಡೆದ್ರೆ ಹೆಂಗೇ ಬರುತ್ತೆ? ಇಷ್ಟು ವರ್ಷ ಆದ್ರೂ ಬುದ್ಧಿ ಬರ್ಲಿಲ್ಲ ನಿನಗೆ. ಗಾಳಿ ಒಳಗೆ ಹೋಗೋಕೆ ದಾರಿ ಬೇಡ್ವಾ? ಗಾಳಿ ಹೋಗ್ದೆ ಎಣ್ಣೆ ಬರಲ್ಲ ಕಣೇ.” ಮೊಳೆ ಕಿತ್ತುಕೊಂಡು ಇನ್ನೊಂದು ಮೂಲೆಯಲ್ಲಿ ಟಕ್ ಎಂದು ಹೊಡೆದ. ಎಣ್ಣೆ ನೂಲಿನಂತೆ ಇಳಿಯಿತು.

“ತೂತಿನ ವಿಷಯ ಎಲ್ಲಾ ಗೊತ್ತು ನಿಮಗೆ,” ಎಂದಳು ಹೆಂಡತಿ. “ನನ್ನ ತಮ್ಮ ಕಳ್ಳ ಅಲ್ಲ ಅನ್ನೋದೊಂದು ಗೊತ್ತಿಲ್ಲ.”

“ನಿನ್ನ ತಮ್ಮನ ಸುದ್ದಿ ನನ್ನ ಮುಂದೆ ಎತ್ತಬೇಡ.”

“ಎತ್ತಲ್ಲ. ಇನ್ನೊಂದು ಸಲ ಗಾಡಿ ನಿಂತ್ರೆ ಕೋಣೆ ಖಾಲಿ ಮಾಡು ಅಂತ ಡಾಕ್ಟರಮ್ಮ ಹೇಳಿದ್ದಾರೆ. ಅವನು, ಅವನ ಹೆಂಡ್ತಿ, ಆ ಮಗು, ಟ್ರಂಕು ಹೊತ್ಕೊಂಡು ರಸ್ತೆಗೆ ನಿಲ್ತಾರೆ. ಕಳ್ಳ ಅಂತ ಹೆಸರು ಬಿದ್ದ ಡ್ರೈವರನ್ನ ಇನ್ಯಾರು ಇಟ್ಕೋತಾರೆ? ನೀವು ನೆಮ್ಮದಿಯಾಗಿ ಉಂಡು ಮಲಗಿ.”

ಮೇಸ್ತ್ರಿ ಉಂಡ. ನೆಮ್ಮದಿಯ ಮಾತು ಬೇರೆ.

ಆ ಭಾನುವಾರ ಊರಿನಲ್ಲಿ ಹಳೇ ಗಾಡಿಗಳ ಮೆರವಣಿಗೆ ಇತ್ತು. ಮೈದಾನದಿಂದ ಹೊರಟು ಸೇತುವೆ ದಾಟಿ ಹೊಳೆಯಾಚೆ ತನಕ ಹೋಗಿ ಬರುವುದು. ಡಾಕ್ಟರಮ್ಮನವರು ಮುತ್ತಿನ ಸರ ಹಾಕಿಕೊಂಡು ಹಿಂದೆ ಕೂತರು. ಏನಾದರೂ ಆದರೆ ಇರಲಿ ಎಂದು ಮೇಸ್ತ್ರಿಯನ್ನು ಡ್ರೈವರನ ಪಕ್ಕ ಕೂರಿಸಿದರು. ಮೇಸ್ತ್ರಿ ಬೆಳಗ್ಗೆಯೇ ಬಂದು ತನ್ನ ಕೈಯಾರೆ ಟ್ಯಾಂಕಿಗೆ ಕಂಠಮಟ್ಟ ಪೆಟ್ರೋಲ್ ತುಂಬಿಸಿ, ಬೀಗ ಹಾಕಿ, ಎರಡು ಸಲ ಎಳೆದು ನೋಡಿದ್ದ. ಇವತ್ತು ಪಕ್ಕದಲ್ಲೇ ಕೂತು ಇವನ ಕಳ್ಳಾಟ ಹಿಡಿಯುತ್ತೇನೆ ಎಂದು ಡ್ರೈವರನ ಕೈಕಾಲುಗಳ ಮೇಲಿಂದ ಕಣ್ಣು ತೆಗೆಯಲಿಲ್ಲ.

ಕಳ್ಳಾಟ ಏನೂ ಕಾಣಲಿಲ್ಲ. ಕ್ಲಚ್ಚನ್ನು ಹೂವಿನಂತೆ ಬಿಡುತ್ತಿದ್ದ, ಗೇರು ಸದ್ದಿಲ್ಲದೆ ಬೀಳುತ್ತಿತ್ತು. ಚೆನ್ನಾಗಿ ಓಡಿಸುತ್ತಾನಲ್ಲ ಎಂದು ಮೇಸ್ತ್ರಿಗೆ ಹೊಟ್ಟೆ ಉರಿಯಿತು. ರಸ್ತೆಯ ಎರಡೂ ಕಡೆ ಜನ. ಸೇತುವೆಯ ಕಟಕಟೆಗೆ ಒರಗಿ ಮೇಸ್ತ್ರಿಯ ಹೆಂಡತಿ ನಿಂತಿದ್ದಳು, ತನ್ನ ತಮ್ಮ ಗಾಡಿ ಓಡಿಸುವುದನ್ನು ನೋಡಲು ಬಂದವಳು. ಅವಳು ಕೈ ಎತ್ತಿದಳು. ಅದೇ ಹೊತ್ತಿಗೆ ಗಾಡಿ ಮುಗ್ಗರಿಸಿತು. ಇನ್ನೊಂದು ಸಲ ಮುಗ್ಗರಿಸಿತು. ಸೇತುವೆಯ ನಟ್ಟನಡುವೆ ನಿಂತುಬಿಟ್ಟಿತು. ಎಂದಿಗಿಂತ ಬೇಗ ನಿಂತಿತ್ತು.

ಹಿಂದಿನ ಗಾಡಿಗಳೆಲ್ಲ ಪೋಂ ಪೋಂ ಎಂದು ಒದರಿದವು. ಡಾಕ್ಟರಮ್ಮನವರು ಹಿಂದಿನಿಂದ ಮುಂದಕ್ಕೆ ಬಾಗಿದರು.

“ಸಾಕು,” ಎಂದರು. “ಇಳಿ. ಗಾಡಿ ಕೀ ಇಲ್ಲಿ ಕೊಡು. ಸಂಜೆ ಒಳಗೆ ಕೋಣೆ ಖಾಲಿಯಾಗ್ಬೇಕು.”

ಡ್ರೈವರ್ ಕೀ ಕೊಟ್ಟು ಇಳಿದ. ತಲೆಯ ಟೋಪಿ ತೆಗೆದು ಸೀಟಿನ ಮೇಲಿಟ್ಟ. ಮೇಸ್ತ್ರಿ ಬಾನೆಟ್ ಎತ್ತುತ್ತಿದ್ದುದನ್ನು ನೋಡಿ ಕೇಳಿದ: “ಇವತ್ತು ಕಡ್ಡಿ ಹಾಕಿ ನೋಡಲ್ವಾ ಭಾವ?”

“ಯಾಕೆ ನೋಡ್ಲಿ? ತುಂಬಿಸಿದ್ದು ನಾನು. ನೀನಲ್ಲ.”

ತನ್ನನ್ನು ಮಾತ್ರ ನಂಬುವವನು ಅವನು. ಅದಕ್ಕೇ ಅವತ್ತು ಮೊತ್ತಮೊದಲ ಬಾರಿಗೆ ಬೀಗ ತೆಗೆಯದೆ ನೇರವಾಗಿ ಕಾರ್ಬುರೇಟರಿಗೆ ಕೈ ಹಾಕಿದ. ಬಟ್ಟಲು ಬಿಚ್ಚಿದ. ಬಟ್ಟಲಿನಲ್ಲಿ ಪೆಟ್ರೋಲಿರಲಿಲ್ಲ, ಒರೆಸಿಟ್ಟ ಹಾಗೆ ಒಣಗಿತ್ತು. ಅವನಿಗೆ ನಂಬಿಕೆಯಾಗಲಿಲ್ಲ. ಬೆರಳು ಆಡಿಸಿ ನೋಡಿದ. ಸೂಜಿ ಸರಿಯಿದೆ, ಗುಂಡು ಸರಿಯಿದೆ, ಕಸವಿಲ್ಲ. ಕೊಳವೆಯನ್ನೇ ಸಡಿಲಿಸಿದ. ಮೇಲೆ ತುಂಬಿ ತುಳುಕುವ ಟ್ಯಾಂಕು, ಕೆಳಗೆ ಬಾಯ್ತೆರೆದ ಕೊಳವೆ. ಒಂದು ಹನಿ ಬಿತ್ತು, ನಿಂತಿತು. ಗುಳುಕ್ ಎಂದು ಇನ್ನೊಂದು ಹನಿ ಬಿತ್ತು.

ಆ ಸದ್ದು ಅವನಿಗೆ ಗೊತ್ತಿತ್ತು. ಅಡುಗೆಮನೆಯಲ್ಲಿ ಕೇಳಿದ್ದ.

ಗೊಂಚಲಿನಿಂದ ಬೀಗದ ಕೈ ಹುಡುಕಿ ತೆಗೆದ. ಮುಚ್ಚಳ ತಿರುಗಿಸಿದ. ಉಸ್ಸ್ ಎಂದು ಟ್ಯಾಂಕು ಉದ್ದಕ್ಕೆ ಉಸಿರೆಳೆದುಕೊಂಡಿತು. ಕೊಳವೆಯಿಂದ ಪೆಟ್ರೋಲ್ ಧಾರೆಯಾಗಿ ಬಂದು ಅವನ ಚಪ್ಪಲಿಯ ಮೇಲೆ ಸುರಿಯಿತು.

ಹಳೇ ಹಿತ್ತಾಳೆ ಮುಚ್ಚಳದ ನಡುವೆ ಸಾಸಿವೆ ಕಾಳಿನಷ್ಟು ತೂತಿತ್ತು. ಗಾಳಿ ಹೋಗುವ ತೂತು. ಅದು ಯಾಕಿರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲವೇ? ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದ. ಕಳ್ಳನನ್ನು ಹಿಡಿಯುವ ಆತುರದಲ್ಲಿ ಗಾಡಿಯ ಮೂಗು ಹಿಡಿದಿದ್ದ. ಕಂಠಮಟ್ಟ ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗವಿಲ್ಲದೆ ಇವತ್ತು ಇನ್ನೂ ಬೇಗ ಉಸಿರುಕಟ್ಟಿತ್ತು. ಗಾಡಿ ಉಸಿರುಕಟ್ಟಿ ನಿಂತಾಗಲೆಲ್ಲ ಪೆಟ್ರೋಲ್ ಅಳೆಯಲು ತಾನೇ ಬಂದು ಮುಚ್ಚಳ ತೆಗೆದು ಉಸಿರು ಬಿಡಿಸಿ, ಅದನ್ನೇ ತನ್ನ ಕೈಗುಣ ಎಂದುಕೊಂಡಿದ್ದ. ನಂಬದೆ ಇಣುಕಿದ್ದರಿಂದಲೇ ಇಷ್ಟು ದಿನ ರೋಗ ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಕೊಳವೆ ಬಿಗಿದ. ಬಟ್ಟಲು ಕೂರಿಸಿದ. ಹ್ಯಾಂಡಲ್ ಒಂದು ಸುತ್ತು. ಗಾಡಿ ಗುರ್ ಎಂದಿತು. ಕಟಕಟೆಗೆ ಒರಗಿದ್ದ ಜನ ಚಪ್ಪಾಳೆ ಹೊಡೆದರು.

“ನೋಡಿದ್ರಾ, ಅವನು ಇಳಿದ, ಗಾಡಿ ಸರಿಹೋಯ್ತು,” ಎಂದರು ಡಾಕ್ಟರಮ್ಮನವರು. “ಏನಾಗಿತ್ತು ಮೇಸ್ತ್ರಿ?”

“ಕಸ,” ಎಂದ ಮೇಸ್ತ್ರಿ. “ಕಸ ಸಿಕ್ಕಿತ್ತು.”

ಹೀಗೇ ಮುಗಿದುಹೋಗುತ್ತಿತ್ತು. ಬಾಯಿ ಮುಚ್ಚಿಕೊಂಡರೆ ಅವನ ಹೆಸರು ಅವನಿಗೆ, ಭಾವಮೈದುನನ ಟ್ರಂಕು ರಸ್ತೆಗೆ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಆದರೆ ಮುಚ್ಚಳ ಇನ್ನೂ ಅವನ ಕೈಯಲ್ಲೇ ಇತ್ತು. ಅದನ್ನು ಸುಮ್ಮನೆ ಟ್ಯಾಂಕಿನ ಬಾಯಿಯ ಮೇಲೆ ಸಡಿಲವಾಗಿ ಇಟ್ಟು ಬಾನೆಟ್ ಮುಚ್ಚಲು ಹೋದ.

“ಬೀಗ ಹಾಕಲ್ವಾ ಭಾವ?” ಎಂದ ಡ್ರೈವರ್.

ಅವನಿಗೆ ಗಾಳಿಯ ವಿಷಯ ಹೊಳೆದಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಒಂದು ದಿನವೂ ಬೀಗ ಹಾಕುವುದನ್ನು ಮರೆಯದ ಮನುಷ್ಯ ಇವತ್ತು ಮರೆತದ್ದು ಮಾತ್ರ ಅವನ ಕಣ್ಣಿಗೆ ಬಿದ್ದಿತ್ತು. ಆ ಬೀಗವನ್ನು ದಿನವಿಡೀ ನೋಡಿದ ಕಣ್ಣು ಅದು.

“ಹೌದು ಮೇಸ್ತ್ರಿ, ಬೀಗ ಹಾಕಿ,” ಎಂದರು ಡಾಕ್ಟರಮ್ಮನವರು. “ಇಷ್ಟು ಜನ ಇದ್ದಾರೆ.”

ಹಾಕಿದರೆ ಗಾಡಿ ಹೊಳೆ ದಾಟುವುದರೊಳಗೆ ನಿಲ್ಲುತ್ತದೆ, ಈ ಸಲ ತಪ್ಪು ಹೊರಿಸಲು ಡ್ರೈವರ್ ಇರುವುದಿಲ್ಲ. ಹಾಕದಿದ್ದರೆ ಯಾಕೆ ಎಂದು ಹೇಳಬೇಕು. ಅಡಕತ್ತರಿಯಲ್ಲಿ ಸಿಕ್ಕಿದ ಹಾಗಾಯಿತು. ಮೇಸ್ತ್ರಿ ಮುಚ್ಚಳ ಹಿಡಿದು ನಿಂತ. ಹೆಂಡತಿ ಕಟಕಟೆ ಬಿಟ್ಟು ಬಂದು ಗಾಡಿಯ ಪಕ್ಕ ನಿಂತಿದ್ದಳು. ಅವಳು ಟ್ಯಾಂಕಿನ ಬಾಯಿ ನೋಡಿದಳು, ರಬ್ಬರ್ ಬಳೆಯ ಮುಚ್ಚಳ ನೋಡಿದಳು, ಗಂಡನ ಮುಖ ನೋಡಿದಳು.

“ಎರಡನೇ ತೂತು ಎಲ್ಲಿದೆ ರೀ ಇದಕ್ಕೆ?” ಎಂದಳು.

ಮೇಸ್ತ್ರಿಗೆ ಬೇರೆ ಸ್ವರ ಗೊತ್ತಿರಲಿಲ್ಲ, ಇದ್ದದ್ದು ಬೈಯುವ ಸ್ವರ ಒಂದೇ. ನಿಜವೂ ಅದರಲ್ಲೇ ಬಂತು. “ಇಲ್ಲ ಕಣೇ, ಇಲ್ಲ. ತೂತಿಲ್ಲ. ಗಾಳಿ ಹೋಗದೆ ಗಾಡಿ ನಿಲ್ತಿತ್ತು. ನಿಲ್ಲಿಸ್ತಿದ್ದವನು ನಾನು. ಕೇಳಿಸ್ತಾ ಎಲ್ಲರಿಗೂ? ಈ ದರಿದ್ರ ಮುಚ್ಚಳ ಹಾಕಿದವನು ನಾನು. ಅವನ ಕೈಯಲ್ಲಿ ಏನೂ ತಪ್ಪಿಲ್ಲ. ಸಾಕಾ?” ಎಂದು ಮುಚ್ಚಳವನ್ನು ಬೀಸಿ ಹೊಳೆಗೆ ಎಸೆದ.

ಡಾಕ್ಟರಮ್ಮನವರು ಕೈಯಲ್ಲಿದ್ದ ಗಾಡಿ ಕೀಯನ್ನು ಒಂದು ಸಲ ನೋಡಿ, ಡ್ರೈವರನ ಕಡೆ ಚಾಚಿದರು. ಅವನು ತೆಗೆದುಕೊಂಡ. ಟೋಪಿ ಹಾಕಿಕೊಂಡ. ಟ್ಯಾಂಕಿನ ಬಾಯಿಗೆ ಬಟ್ಟೆ ಸುತ್ತಿ ಕೂತು, ಎದುರಿನ ರಸ್ತೆ ನೋಡುತ್ತಾ ಹೇಳಿದ:

“ಮುಂದಿನ ಸೀಟಲ್ಲಿ ನಮ್ಮಕ್ಕ ಕೂತ್ಕೋತಾಳೆ ಅಮ್ಮಾವ್ರೇ.”

ಹೆಂಡತಿ ಹತ್ತಿ ಕೂತಳು. ಗಾಡಿ ಹೊರಟಿತು. ಮೇಸ್ತ್ರಿ ಸಾಮಾನಿನ ಪೆಟ್ಟಿಗೆ ಹೊತ್ತುಕೊಂಡು, ಎದುರಿನಿಂದ ಬರುವ ಹಳೇ ಗಾಡಿಗಳಿಗೆಲ್ಲ ದಾರಿ ಬಿಡುತ್ತಾ, ಶೆಡ್ಡಿನ ತನಕ ನಡೆದ. ಮೈಯೆಲ್ಲ ಪೆಟ್ರೋಲ್ ವಾಸನೆ.

ಮಾರನೆಯ ದಿನ ಬಿಸ್ಕತ್ತಿನ ಡಬ್ಬ ಸುರುವಿ ಹಿತ್ತಾಳೆ ಮುಚ್ಚಳ ಹುಡುಕಿದ. ಹೊಳೆಯುವ ಹಾಗೆ ತಿಕ್ಕಿದ, ನಡುವಿನ ತೂತನ್ನು ತಂತಿಯಿಂದ ಬಿಡಿಸಿದ. ಸವೆದ ಸೂಜಿಯೂ ಸಿಕ್ಕಿತು. ಅದನ್ನು ಅಲ್ಲೇ ಬಿಡಬಹುದಿತ್ತು, ಯಾರಿಗೂ ಗೊತ್ತಿರಲಿಲ್ಲ. ಬಹಳ ಹೊತ್ತು ಕೂತು ಕೊನೆಗೆ ಅದನ್ನೂ ಜೇಬಿಗೆ ಹಾಕಿಕೊಂಡು ಡಾಕ್ಟರಮ್ಮನ ಗ್ಯಾರೇಜಿಗೆ ಹೋದ. ಡ್ರೈವರ್ ಗಾಡಿ ಒರೆಸುತ್ತಿದ್ದ. ಮೇಸ್ತ್ರಿ ಎರಡನ್ನೂ ಬಾನೆಟ್ಟಿನ ಮೇಲೆ ಇಟ್ಟ.

“ಪೆಟ್ರೋಲ್ ಹೋಗಿದ್ದು ಈ ಸೂಜಿಯಿಂದ. ಅವತ್ತೇ ನೋಡಿದ್ದೆ. ಹೇಳಲಿಲ್ಲ.”

ಡ್ರೈವರ್ ಸೂಜಿಯನ್ನು ಎತ್ತಿ ಬೆಳಕಿಗೆ ಹಿಡಿದ. ಅದರ ಸವೆತವನ್ನು ಉಗುರಿನಲ್ಲಿ ಮುಟ್ಟಿ ನೋಡಿದ.

“ಅವತ್ತೇ,” ಎಂದ.

“ಹೂಂ.”

“ನನ್ನ ಕಳ್ಳ ಅಂದಿದ್ದನ್ನ ಊರೆಲ್ಲ ಕೇಳ್ತು ಭಾವ. ಸೇತುವೆ ಮೇಲೆ ಇದ್ದಿದ್ದು ಒಂದು ಹಿಡಿ ಜನ.”

ಅಷ್ಟೇ ಹೇಳಿ, ಹಿತ್ತಾಳೆ ಮುಚ್ಚಳವನ್ನು ಟ್ಯಾಂಕಿಗೆ ಹಾಕಿ, ಸೂಜಿಯನ್ನು ಅವನ ಕೈಗೇ ವಾಪಸ್ಸು ಕೊಟ್ಟು, ಗ್ಯಾರೇಜಿನ ಬಾಗಿಲು ಎಳೆದುಕೊಂಡ. ಆಡಿದ ಮಾತು, ಒಡೆದ ಮುತ್ತು ಎರಡೂ ಮತ್ತೆ ಕೂಡುವುದಿಲ್ಲ ಎನ್ನುತ್ತಾರೆ. ಮೇಸ್ತ್ರಿ ಸೂಜಿ ಹಿಡಿದುಕೊಂಡು ವಾಪಸ್ಸು ಬಂದ.

ಈಗಲೂ ಆ ಶೆಡ್ಡಿಗೆ ಹೋಗಿ ನೋಡಿ. ಗಾಡಿ ಇಳಿದ ಕೂಡಲೇ ಕಡ್ಡಿ ಮೇಸ್ತ್ರಿ ಎದ್ದು ಬರುತ್ತಾನೆ. ಜೇಬಿನಲ್ಲಿ ಕಡ್ಡಿ ಇಲ್ಲ, ಆ ಜಾಗದಲ್ಲಿ ಒಂದು ಸವೆದ ಸೂಜಿ ಸಿಕ್ಕಿಸಿಕೊಂಡಿರುತ್ತಾನೆ. ಗಾಡಿಗೇನಾಗಿದೆ ಅಂತ ಕೇಳುವ ಮೊದಲು ಆ ಸೂಜಿಯನ್ನು ನಿಮ್ಮ ಮೂಗಿನ ಮುಂದೆ ಹಿಡಿದು, ಜಗಳಕ್ಕೆ ಬಂದವನ ಹಾಗೆ ಒದರುತ್ತಾನೆ: “ನನ್ನ ಹೆಂಡ್ತಿ ತಮ್ಮ ಕಳ್ಳ ಅಲ್ಲ. ಪೆಟ್ರೋಲ್ ಕುಡಿದಿದ್ದು ಇದು. ಗೊತ್ತಾಯ್ತಾ? ಈಗ ಹೇಳಿ, ಏನಾಗಿದೆ ಗಾಡಿಗೆ?” ಹೊಸಬರು ಇವನಿಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಹಳಬರು ಗೊತ್ತು ಮೇಸ್ತ್ರಿ, ಸಾವಿರ ಸಲ ಹೇಳಿದ್ದೀರಿ ಎಂದು ನಗುತ್ತಾರೆ. ಅವನು ನಗುವುದಿಲ್ಲ. ಡಾಕ್ಟರಮ್ಮನ ಗಾಡಿ ಆಗಾಗ ಟ್ಯೂನಿಂಗಿಗೆ ಬರುತ್ತದೆ, ಡ್ರೈವರ್ ಈಗಲೂ ಬಾನೆಟ್ಟಿಗೇ ಮಾತಾಡುತ್ತಾನೆ. ನೀರು ಅಲುಗದಿದ್ದ ಮೇಲೆ ಮೇಸ್ತ್ರಿ ಲೋಟವನ್ನು ಅವನ ಕಡೆ ಚಾಚುತ್ತಾನೆ. ಅವನು ಇವತ್ತಿನವರೆಗೆ ಮುಟ್ಟಿಲ್ಲ.